ಬಿದ್ದವನ ಮೇಲೆ ಗುಂಡು

ಕರೋಶಿಯ ಕಟ್ಟೆಯಿರಲಿ, ಬೆಳಗಾವಿಯ ಹಾಸ್ಟೆಲಿರಲಿ, ಮೊಬೈಲಿನಲ್ಲಿ ಯುದ್ಧದಾಟ ಆಡುವ ಹುಡುಗರಿಗೆ ಈ ದೃಶ್ಯ ಚಿರಪರಿಚಿತ. ಗುಂಡೇಟು ತಿಂದ ಎದುರಾಳಿ ಹೋರಾಡಲಾರದೆ ತೆವಳುತ್ತಾನೆ. ಗೆಳೆಯ ಬಂದು ಎಬ್ಬಿಸಿಯಾನೆಂದು ಅವನಿಗೆ ಮತ್ತೆ ಗುಂಡು! ನಿಜವಾದ ರಣರಂಗದಲ್ಲಾದರೆ ಇದು ಯುದ್ಧಾಪರಾಧ. ಗಾಯಗೊಂಡು ಬಿದ್ದವನನ್ನು ಕೊಲ್ಲಬಾರದು, ಆರೈಕೆ ಮಾಡಬೇಕು ಎನ್ನುತ್ತದೆ 1949ರ ಜಿನೀವಾ ಒಪ್ಪಂದ. ಭಾರತವೂ ಇದಕ್ಕೆ ಬದ್ಧ.

ಇಂಥ ಕಟ್ಟುಪಾಡು ನಮಗೇನೂ ಹೊಸದಲ್ಲ. ಗದೆಯ ಕಾಳಗದಲ್ಲಿ ನಾಭಿಯ ಕೆಳಗೆ ಹೊಡೆಯಕೂಡದು. ಭೀಮ ದುರ್ಯೋಧನನ ತೊಡೆ ಮುರಿದಾಗ ಬಲರಾಮ ಸಿಟ್ಟಿಗೆದ್ದದ್ದು ಅದಕ್ಕೇ. ಆ ಪ್ರಸಂಗವನ್ನು ಕಾವ್ಯವಾಗಿಸಿದ ರನ್ನ ನಮ್ಮ ಮುಧೋಳದ ಕಡೆಯವನು. ಅದೇ ರಾತ್ರಿ ಮಲಗಿದ್ದವರನ್ನು ಕೊಂದ ಅಶ್ವತ್ಥಾಮನಿಗೋ ಮೂರು ಸಾವಿರ ವರ್ಷ ಅಲೆಯುವ ಶಾಪ. ಪೋಷಕರು ಮೊಬೈಲ್ ಕಸಿದುಕೊಳ್ಳುವ ಮೊದಲು ಮಕ್ಕಳೊಡನೆ ಈ ಮಾತು ತೆಗೆಯಬಹುದು.

ಆಟದಲ್ಲಿ ಯಾರೂ ಸಾಯುವುದಿಲ್ಲ, ನಿಜ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಕೂಡ 2013ರಲ್ಲಿ ಆಟ ನಿಲ್ಲಿಸಿ ಎನ್ನಲಿಲ್ಲ; ಯುದ್ಧನಿಯಮ ಮುರಿದವನಿಗೆ ಆಟದಲ್ಲೇ ದಂಡ ಬೀಳಲಿ ಎಂದಿತು. 2017ರಲ್ಲಿ ‘ಆರ್ಮಾ 3’ ಎಂಬ ಆಟಕ್ಕೆ ಯುದ್ಧ ಕಾನೂನಿನದೇ ಒಂದು ಭಾಗ ಸೇರಿತು. ಭಾರತಕ್ಕೆಂದೇ 2021ರಲ್ಲಿ ಬಂದ ಬಿಜಿಎಂಐ ರಕ್ತವನ್ನು ಹಸಿರಾಗಿಸಿತು, ‘ಕಿಲ್’ ಎಂಬುದನ್ನು ‘ಫಿನಿಶ್’ ಎಂದಿತು. ತೆವಳುವವನಿಗೆ ಗುಂಡು ಹೊಡೆಯುವುದು ಮಾತ್ರ ಹಾಗೇ ಉಳಿಯಿತು.