ಉಂಡು ಮಲಗಿದರೂ ಮುಗಿಯದ ಜಗಳ

ಸಂಡೂರು, ಕಂಪ್ಲಿ ಕಡೆ ಹುಡುಗ ಅತ್ತರೆ ‘ಹೆಂಗಸರಂಗ ಅಳಬ್ಯಾಡ’ ಅನ್ನುತ್ತಾರೆ. ಅವನೇ ದೊಡ್ಡವನಾಗಿ ಹೆಂಡತಿಯ ಮಾತಿಗೆ ಬೆಲೆ ಕೊಟ್ಟರೆ ‘ಬಳಿ ತೊಟ್ಕೊ’ ಎಂದು ಕಟ್ಟೆಯ ಮೇಲಿನ ಗೆಳೆಯರು ಕೆಣಕುತ್ತಾರೆ. ಈ ಪಾಠ ಎಲ್ಲಿಗೆ ಮುಟ್ಟಿದೆ ಎಂಬುದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿದೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರ ಪೈಕಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ದೇಶದ ಸರಾಸರಿ ಶೇ 29.

ಇನ್ನೊಂದು ಲೆಕ್ಕ ಇದಕ್ಕಿಂತ ಕಳವಳದ್ದು. ಹೇಳದೆ ಹೊರಗೆ ಹೋದಳು, ಅಡುಗೆ ಕೆಡಿಸಿದಳು, ಎದುರು ಮಾತಾಡಿದಳು, ಅತ್ತೆ–ಮಾವನಿಗೆ ಮರ್ಯಾದೆ ಕೊಡಲಿಲ್ಲ ಎಂಬಂಥ ಏಳು ಕಾರಣಗಳನ್ನು ಮುಂದಿಟ್ಟು, ಹೊಡೆಯುವುದು ಸರಿಯೇ ಎಂದು ಸಮೀಕ್ಷೆ ಕೇಳಿತು. ಒಂದಕ್ಕಾದರೂ ಹೌದೆಂದ ಗಂಡಸರು ನಮ್ಮಲ್ಲಿ ಶೇ 81.9, ಹಿಮಾಚಲ ಪ್ರದೇಶದಲ್ಲಿ ಶೇ 14.2. ನಮ್ಮ ಹೆಂಗಸರಲ್ಲೂ ಶೇ 76.9 ಮಂದಿ ತಲೆಯಾಡಿಸಿದ್ದರು. ಹಾಗಾಗಿ ಕುಡಿತವೊಂದನ್ನೇ ದೂರಿ ಸುಮ್ಮನಾಗುವಂತಿಲ್ಲ. ಕುಡಿಯದವನ ಕೈಗೂ ಊರೇ ಅಪ್ಪಣೆ ಕೊಟ್ಟಿದೆ.

ದುಡಿದು ತರುವವನೇ ಗಂಡಸು ಎಂಬ ನಂಬಿಕೆಗೆ ಇಲ್ಲಿ ದೊಡ್ಡ ಪೆಟ್ಟು ಬಿದ್ದದ್ದು 2011ರ ಜುಲೈನಲ್ಲಿ. ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರು, ಹೊಸಪೇಟೆಯ ಲಾರಿ ಚಾಲಕರು, ಕ್ಲೀನರ್‌ಗಳು, ಗಣಿ ಕೂಲಿಗಳು ಕೆಲಸ ಕಳೆದುಕೊಂಡರು. ದುಡಿಮೆ ತಪ್ಪಿದ ಗಂಡಸಿಗೆ ಮನೆಯಲ್ಲಿ ಬೇರೆ ಯಾವ ಗುರುತನ್ನೂ ನಾವು ಕಲಿಸಿರಲಿಲ್ಲ. ಸುಡಾನ್‌ನಿಂದ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಕುಟುಂಬಗಳನ್ನು ಅಧ್ಯಯನ ಮಾಡಿದವರೂ ಇಂಥದ್ದನ್ನೇ ಗುರುತಿಸಿದ್ದಾರೆ: ಹೆಂಡತಿಯ ಕೈಗೆ ಸಂಬಳ ಬಂದಾಗ, ಯಜಮಾನಿಕೆ ಹೋಯಿತೆಂಬ ಸಂಕಟ ಗಂಡನನ್ನು ಕಾಡುತ್ತದೆ. ಆ ಸಂಕಟ ನಿಜ. ಆದರೆ ಅದಕ್ಕೆ ಅವಳ ಮೈ ಯಾಕೆ ಬೆಲೆ ತೆರಬೇಕು?

ಗುಳೆ ಹೋದವಳ ಪಾಡು ಇನ್ನೂ ಬಿಗಿ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಗಂಡ–ಹೆಂಡತಿ ಸೇರಿ ಒಂದೇ ಜೋಡಿಯ ಲೆಕ್ಕ. ಮುಂಗಡ ಸಾಮಾನ್ಯವಾಗಿ ಸೇರುವುದು ಗಂಡನ ಕೈಗೆ. ಏಟು ತಿಂದ ರಾತ್ರಿ ಓಡಿಹೋಗಲು ಹತ್ತಿರದಲ್ಲಿ ತವರಿಲ್ಲ. ಪಕ್ಕದ ಗುಡಿಸಲಿನವರು ‘ಗಂಡ–ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಹೇಳಿ ಬಾಗಿಲು ಮುಚ್ಚಿಕೊಳ್ಳುತ್ತಾರೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇಂಥವಳನ್ನೂ ನೆನಪಿಟ್ಟಿದೆ. ಅರ್ಜಿ ಕೊಡಲು ಸ್ವಂತ ಊರೇ ಆಗಬೇಕೆಂದಿಲ್ಲ. ತಾತ್ಕಾಲಿಕವಾಗಿ ಇರುವ ಅಥವಾ ಕೆಲಸ ಮಾಡುವ ಜಾಗದ ಮ್ಯಾಜಿಸ್ಟ್ರೇಟರ ಬಳಿಯೂ ಕೊಡಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ನಡೆಯಬೇಕು. ಗಂಡನ ಮನೆಯಲ್ಲೇ ಉಳಿಯುವ ಹಕ್ಕೂ ಅವಳದು. ಕೈಯಲ್ಲಿ ಮೊಬೈಲ್ ಇದ್ದರೆ ಸಹಾಯವಾಣಿ 181 ಇದೆ. ಮಂಡ್ಯದ ಕಬ್ಬಿನ ಗದ್ದೆಯಲ್ಲಿರುವ ಸಂಡೂರಿನ ಹೆಣ್ಣುಮಗಳು ಸುಗ್ಗಿ ಮುಗಿದು ಊರಿಗೆ ಮರಳುವವರೆಗೆ ಕಾಯಬೇಕಾಗಿಲ್ಲ.