ಸ್ತನದ ಗಂಟಿಗೆ ಎರಡು ದಾರಿ: ತಿಳಿದು ಆರಿಸಿರಿ



ಈ ಪುಟದಲ್ಲಿ ಬೀಜ, ಗೊಬ್ಬರ, ನೀರಿನ ವಿಷಯ ಓದಿ ನಿಮಗೆ ರೂಢಿ. ಈ ಸಲ ಬೇರೆ ವಿಷಯ ಬರೆಯುತ್ತಿದ್ದೇನೆ.

ಕಳೆದ ಹಂಗಾಮಿನಲ್ಲಿ ನಮ್ಮ ಸದಸ್ಯರೊಬ್ಬರು, ಪಾಳಿಗಿಂತ ಮೊದಲೇ ಕಬ್ಬು ಕಡಿಸಿಕೊಡಿರೆಂದು ಪತ್ನಿಯೊಡನೆ ಆಫೀಸಿಗೆ ಬಂದರು. ಅವರ ಪತ್ನಿಗೆ ಸ್ತನದ ಕ್ಯಾನ್ಸರ್ ಎಂದು ತಪಾಸಣೆಯಲ್ಲಿ ತಿಳಿದಿತ್ತು. ರೋಗ ಇನ್ನೂ ಆರಂಭದ ಹಂತದಲ್ಲಿತ್ತು. ಗಂಟನ್ನಷ್ಟೇ ತೆಗೆಯಬಹುದು, ಇಲ್ಲವೆ ಇಡೀ ಸ್ತನ ತೆಗೆಯಬಹುದು ಎಂದು ಡಾಕ್ಟರರು ಹೇಳಿದ್ದರು. "ಸಾಹೇಬ್ರ, ಕಾಡಿಗಿ ರೋಗ ಬಿದ್ದ ಕಬ್ಬು ಬುಡಾ ಸಮೇತ ಕಿತ್ತು ಸುಡ್ರಿ ಅಂತ ನೀವೇ ಹೇಳ್ತೀರಿ. ಇದೂ ಹಂಗ ಅಲ್ಲೇನ್ರಿ?" ಎಂದು ಕೇಳಿದರು. ಬದಿಗೆ ಕೂತಿದ್ದ ಅಕ್ಕನವರನ್ನು ಯಾರೂ ಏನೂ ಕೇಳಿರಲಿಲ್ಲ.

ನಾನು ಕೃಷಿ ಪದವೀಧರ, ವೈದ್ಯನಲ್ಲ. "ಅಕ್ಕನವರೇ ಡಾಕ್ಟರರನ್ನು ಕೇಳಲಿ" ಎಂದಷ್ಟೇ ಅಂದೆ. ನಂತರ ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ.

ಕಾಡಿಗೆ ರೋಗದ ಪುಡಿ ಗಾಳಿಯಲ್ಲಿ ಹಾರಿ ಪಕ್ಕದ ಕಬ್ಬಿಗೆ ತಗಲುತ್ತದೆ. ಅದಕ್ಕೆ ಬುಡ ಕೀಳಬೇಕು. ಕ್ಯಾನ್ಸರ್ ಹಾಗೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅದರ ಕಣ ಮೊದಲೇ ರಕ್ತಕ್ಕೆ ಸೇರಿದ್ದರೆ ಸ್ತನವನ್ನು ಎಷ್ಟು ಕೊಯ್ದರೂ ಅದು ಸಿಗದು. ಅದಕ್ಕೆ ಔಷಧವೇ ಬೇಕು.

ದೊಡ್ಡದಾಗಿ ಕೊಯ್ದರೆ ಹೆಚ್ಚು ಆಯುಷ್ಯ ಎಂದು ಒಂದು ಕಾಲಕ್ಕೆ ವೈದ್ಯರೂ ನಂಬಿದ್ದರು. ಇಟಲಿಯ ಮಿಲಾನ್‌ನಲ್ಲಿ 1973ರಿಂದ ಡಾ. ವೆರೊನೇಸಿಯವರು 701 ಮಹಿಳೆಯರಲ್ಲಿ, ಅಮೆರಿಕದಲ್ಲಿ 1976ರಿಂದ ಡಾ. ಫಿಶರ್ ಅವರು 1,851 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದರು. 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸ್ತನ ಉಳಿಸಿದವರಿಗೂ ತೆಗೆಸಿದವರಿಗೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಮೊದಲನೆಯ ದಾರಿ: ಗಂಟನ್ನು ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗದೊಡನೆ ತೆಗೆದು, ಬಳಿಕ ಕಿರಣ ಚಿಕಿತ್ಸೆ ಕೊಡುತ್ತಾರೆ. ನಮ್ಮ ಜನ ಇದಕ್ಕೆ "ಕರೆಂಟ್ ಕೊಡುವುದು" ಅನ್ನುತ್ತಾರೆ. ಇದನ್ನು ತಪ್ಪಿಸಬಾರದು. ಅಮೆರಿಕದ ಆ ಪರೀಕ್ಷೆಯಲ್ಲಿ ಕಿರಣ ಪಡೆಯದವರಲ್ಲಿ ನೂರಕ್ಕೆ ಸುಮಾರು 39 ಜನರಿಗೆ ಅದೇ ಸ್ತನದಲ್ಲಿ ರೋಗ ಮರಳಿತು. ಪಡೆದವರಲ್ಲಿ ಸುಮಾರು 14 ಜನರಿಗೆ ಮಾತ್ರ. ಹಿಂದೆ ಐದಾರು ವಾರ ಹಿಡಿಯುತ್ತಿದ್ದ ಈ ಚಿಕಿತ್ಸೆ ಈಗ ಅನೇಕ ಕಡೆ ಮೂರು ವಾರದಲ್ಲಿ ಮುಗಿಯುತ್ತದೆ.

ಎರಡನೆಯ ದಾರಿ: ಇಡೀ ಸ್ತನ ತೆಗೆಯುವುದು. ಆರಂಭದ ಹಂತದಲ್ಲಿ ಬಹಳ ಜನರಿಗೆ ಆಮೇಲೆ ಕಿರಣ ಬೇಕಾಗುವುದಿಲ್ಲ. ಕಂಕುಳಿನ ಗ್ರಂಥಿಗೆ ರೋಗ ತಲುಪಿದ್ದರೆ ಬೇಕಾಗಬಹುದು. ಗಂಟುಗಳು ಬೇರೆ ಬೇರೆ ಕಡೆ ಇದ್ದರೆ, ಎದೆಗೆ ಹಿಂದೆ ಕಿರಣ ಕೊಟ್ಟಿದ್ದರೆ, ಇಲ್ಲವೆ ಕಿರಣಕ್ಕೆ ದಿನವೂ ಹೋಗಿಬರುವುದು ಸಾಧ್ಯವೇ ಇಲ್ಲವಾದರೆ ವೈದ್ಯರು ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ಗಂಟು ದೊಡ್ಡದಿದ್ದರೆ ಕೆಲವೊಮ್ಮೆ ಮೊದಲು ಔಷಧ ಕೊಟ್ಟು ಕುಗ್ಗಿಸಿ, ಸ್ತನ ಉಳಿಸಲು ಬರುತ್ತದೆ.

ಇಂಜೆಕ್ಷನ್, ಗುಳಿಗೆಗಳು ಬೇಕೋ ಬೇಡವೋ ಎಂಬುದು ರೋಗದ ಗುಣದ ಮೇಲೆ ನಿಂತಿದೆ. ಸ್ತನ ತೆಗೆಸಿದ ಮಾತ್ರಕ್ಕೆ ಅವು ತಪ್ಪುವುದಿಲ್ಲ.

ಡಾಕ್ಟರರಿಗೆ ಇಷ್ಟು ಕೇಳಿರಿ:

1. ನನಗೆ ಎರಡೂ ದಾರಿ ಇವೆಯೇ? ಇಲ್ಲವಾದರೆ ಏಕೆ?
2. ಕಿರಣ ಎಲ್ಲಿ, ಎಷ್ಟು ದಿನ, ಎಷ್ಟು ಖರ್ಚು? ಸರಕಾರಿ ಆರೋಗ್ಯ ಯೋಜನೆಯಲ್ಲಿ ಸಿಗುತ್ತದೆಯೇ?
3. ಕಂಕುಳಿನ ಮೊದಲ ಒಂದೆರಡು ಗ್ರಂಥಿ ಮಾತ್ರ ತೆಗೆದು ಪರೀಕ್ಷಿಸಬಹುದೇ? ಅವು ಶುದ್ಧವಿದ್ದರೆ ಉಳಿದವನ್ನು ತೆಗೆಯಬೇಕಿಲ್ಲ. ಮುಂದೆ ಕೈ ಬಾವುವ ಭಯ ಕಡಿಮೆ.

ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲೇ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ವಿಚಾರ ಮಾಡಲು ನಾಲ್ಕೆಂಟು ದಿನ ತೆಗೆದುಕೊಂಡರೆ ನಷ್ಟವಿಲ್ಲ. ಆದರೆ ಹಂಗಾಮು ಮುಗಿಯಲಿ ಎಂದು ಮುಂದೂಡಬೇಡಿರಿ. ಕಿರಣವನ್ನು ಅರ್ಧಕ್ಕೆ ಬಿಡಬೇಡಿರಿ. ಕಟಾವಿನ ಅಡಚಣೆ ಇದ್ದರೆ ನಮ್ಮ ಆಫೀಸಿಗೆ ಬಂದು ಹೇಳಿರಿ.

ಮನೆಯ ಯಜಮಾನರಲ್ಲಿ ಒಂದು ವಿನಂತಿ. ಖರ್ಚು, ಓಡಾಟ ನೀವು ನೋಡಿಕೊಳ್ಳಿರಿ. ದಾರಿ ಮಾತ್ರ ಅವರು ಆರಿಸಲಿ. ನಮ್ಮ ಅಕ್ಕನವರು ಮರುವಾರ ತಾವೇ ಡಾಕ್ಟರರ ಮುಂದೆ ಕೂತು ಎಲ್ಲ ಕೇಳಿದರು. ಯಾವ ದಾರಿ ಹಿಡಿದರೆಂಬುದು ಅವರ ಸ್ವಂತ ಮಾತು. ಅವರ ಕಬ್ಬು ವೇಳೆಗೆ ಕಾರ್ಖಾನೆಗೆ ಬಂತು.

— ಕಬ್ಬು ಅಭಿವೃದ್ಧಿ ಅಧಿಕಾರಿ