ಸೋರುವ ಜರಡಿ: ನೆಫ್ರೋಟಿಕ್ ಕಾಯಿಲೆಯ ಮಗುವೂ ಮನೆಯವರೂ

೧೮೨೭ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯನಾದ ರಿಚರ್ಡ್ ಬ್ರೈಟ್ ಎಂಬಾತನು ತಾನು ಕಂಡ ರೋಗಿಗಳ ವೃತ್ತಾಂತಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಮೈ ಬಾತುಕೊಂಡ ಕೆಲವು ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಉರಿಯಲ್ಲಿ ಕಾಯಿಸಿದರೆ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ಅಂಥವರು ಸತ್ತ ಮೇಲೆ ದೇಹವನ್ನು ಕೊಯ್ದು ನೋಡಿದಾಗ ಮೂತ್ರಪಿಂಡಗಳು ಕೆಟ್ಟಿರುವುದು ಕಂಡುಬರುತ್ತಿತ್ತು. ಮೂತ್ರ ಹೆಪ್ಪುಗಟ್ಟುವ ಸಂಗತಿ ಹಿಂದಿನವರಿಗೂ ಗೊತ್ತಿದ್ದದ್ದೇ; ಆದರೆ ಊತ, ಮೂತ್ರ, ಮೂತ್ರಪಿಂಡ ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ತೋರಿಸಿದ ಹಿರಿಮೆ ಬ್ರೈಟನದು.

ಆ ಪರೀಕ್ಷೆ ಇಂದಿಗೂ ಹಳತಾಗಿಲ್ಲ. ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಬೆಳಗಾಗುತ್ತಲೇ, ಒಲೆಯ ಮೇಲೆ ಕಾಫಿಗೆ ನೀರಿಡುವುದಕ್ಕೂ ಮೊದಲು, ತಾಯಿಯೋ ತಂದೆಯೋ ಮಗುವಿನ ಮೊದಲ ಮೂತ್ರವನ್ನು ಗಾಜಿನ ಪ್ರನಾಳದಲ್ಲಿ ಹಿಡಿದು ಕಾಯಿಸಿ ನೋಡುತ್ತಾರೆ. ಇಲ್ಲವೆ ಔಷಧದಂಗಡಿಯಲ್ಲಿ ದೊರೆಯುವ ಪರೀಕ್ಷಾಪಟ್ಟಿಯನ್ನು ಅದರಲ್ಲಿ ಅದ್ದಿ ಬಣ್ಣ ನೋಡುತ್ತಾರೆ. ಕಂಡದ್ದನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಾರೆ. ಇದು ಒಂದೆರಡು ದಿನದ ಕೆಲಸವಲ್ಲ, ವರ್ಷಗಟ್ಟಲೆ ನಡೆಯತಕ್ಕದ್ದು. ಮಗುವಿಗಿರುವ ಕಾಯಿಲೆಯ ಹೆಸರು ನೆಫ್ರೋಟಿಕ್ ಸಿಂಡ್ರೋಮ್. ನಮ್ಮ ಓದುಗರಲ್ಲಿ ಕೆಲವರ ತಮ್ಮನಿಗೋ ತಂಗಿಗೋ ಇದು ಬಂದಿರಲೂಬಹುದು. ಇದರ ಚಿಕಿತ್ಸೆಯಲ್ಲಿ ಮನೆಯವರ ಪಾಲು ಇಷ್ಟು ದೊಡ್ಡದಾದುದೇಕೆ ಎಂಬುದನ್ನು ತಿಳಿಯಬೇಕಾದರೆ ಮೂತ್ರಪಿಂಡದ ಒಳಗನ್ನು ಸ್ವಲ್ಪ ಇಣಿಕಿ ನೋಡಬೇಕು.

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ನೆಫ್ರಾನುಗಳಿವೆ. ಪ್ರತಿಯೊಂದು ನೆಫ್ರಾನಿನ ತುದಿಯಲ್ಲಿಯೂ ಕೂದಲಿಗಿಂತ ಬಹು ಸಣ್ಣದಾದ ರಕ್ತನಾಳಗಳ ಉಂಡೆಯೊಂದುಂಟು, ಇದೇ ಗ್ಲಾಮೆರುಲಸ್. ರಕ್ತವು ಇದರೊಳಗೆ ಹರಿಯುವಾಗ ನೀರು, ಲವಣಗಳು, ಯೂರಿಯ ಮೊದಲಾದ ಸಣ್ಣ ಅಣುಗಳು ನಾಳದ ಗೋಡೆಯ ಮೂಲಕ ಸೋಸಿ ಹೊರಬರುತ್ತವೆ. ಬೆಳೆದ ಮನುಷ್ಯನಲ್ಲಿ ಹೀಗೆ ದಿನಕ್ಕೆ ಸುಮಾರು ೧೮೦ ಲೀಟರು ಸೋಸಲ್ಪಡುತ್ತದೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಉಳಿದು, ಮಿಕ್ಕುದೆಲ್ಲ ರಕ್ತಕ್ಕೆ ಮರಳುತ್ತದೆ.

ಈ ಜರಡಿಗೆ ಮೂರು ಪದರ. ಒಳಗೆ ರಕ್ತನಾಳದ ತೆಳುಗೋಡೆ, ನಡುವೆ ಒಂದು ಪೊರೆ, ಹೊರಗೆ ಪೋಡೊಸೈಟ್ ಎಂಬ ಕೋಶಗಳು. ಪೋಡೊಸೈಟ್ ಎಂದರೆ ಕಾಲುಳ್ಳ ಕೋಶವೆಂದರ್ಥ. ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಸೇರಿಸಿದರೆ ಹೇಗೋ ಹಾಗೆ ನೆರೆಹೊರೆಯ ಕೋಶಗಳ ಕಾಲುಗಳು ಹೆಣೆದುಕೊಂಡಿರುತ್ತವೆ. ಅವುಗಳ ನಡುವಣ ಸೀಳುಗಳಿಗೆ ಅತಿ ಸೂಕ್ಷ್ಮವಾದ ತೆರೆ ಕಟ್ಟಿರುತ್ತದೆ. ನೀರಿಗೆ ಇಲ್ಲಿ ದಾರಿಯುಂಟು. ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ನಿಗೆ ದಾರಿಯಿಲ್ಲ. ನೆಫ್ರೋಟಿಕ್ ಕಾಯಿಲೆಯಲ್ಲಿ ಈ ಕಾಲುಗಳು ತಮ್ಮ ಆಕಾರವನ್ನು ಕಳೆದುಕೊಂಡು ಚಪ್ಪಟೆಯಾಗುತ್ತವೆ. ಜರಡಿ ಸೋರತೊಡಗುತ್ತದೆ.

ಸೋರಿದರೇನಂತೆ, ತಿಂದು ತುಂಬಿಕೊಳ್ಳಬಾರದೆ ಎಂದು ನೀವು ಕೇಳಬಹುದು. ಸೋರುವ ವೇಗಕ್ಕೆ ಯಕೃತ್ತಿನ ತಯಾರಿಕೆ ಸಾಟಿಯಾಗದು. ಆರೋಗ್ಯವಂತರ ರಕ್ತದ್ರವದಲ್ಲಿ ೧೦೦ ಮಿಲಿಲೀಟರಿಗೆ ಮೂರೂವರೆಯಿಂದ ಐದು ಗ್ರಾಂ ಆಲ್ಬುಮಿನ್ ಇರುತ್ತದೆ. ಈ ಮಕ್ಕಳಲ್ಲಿ ಅದು ಎರಡೂವರೆ ಗ್ರಾಮಿಗಿಂತಲೂ ಕೆಳಕ್ಕೆ ಇಳಿಯುತ್ತದೆ. ನೀರನ್ನು ರಕ್ತನಾಳಗಳೊಳಗೆ ಹಿಡಿದಿಡುವುದರಲ್ಲಿ ಆಲ್ಬುಮಿನ್ನಿನದು ದೊಡ್ಡ ಪಾತ್ರ. ಅದು ಕುಂದಿತೆಂದರೆ ನೀರು ಹೊರಕ್ಕೆ ಜಿನುಗಿ ಚರ್ಮದಡಿಯಲ್ಲಿ, ಹೊಟ್ಟೆಯಲ್ಲಿ ಸೇರುತ್ತದೆ. ಮೂತ್ರಪಿಂಡವು ಉಪ್ಪನ್ನು ಹೊರಹಾಕದೆ ಹಿಡಿದಿಡುವುದರಿಂದ ಊತ ಇನ್ನಷ್ಟು ಹೆಚ್ಚುತ್ತದೆ. ಇಷ್ಟೇ ಅಲ್ಲ, ಸೋಂಕನ್ನು ಎದುರಿಸುವ ಪ್ರೋಟೀನುಗಳೂ ರಕ್ತ ನಾಳದಲ್ಲಿಯೇ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನುಗಳೂ ಇದೇ ದಾರಿಯಲ್ಲಿ ಹೊರಟುಹೋಗುತ್ತವೆ.

ಕಾಯಿಲೆ ಸಾಮಾನ್ಯವಾಗಿ ಎರಡರಿಂದ ಆರು ವರ್ಷದೊಳಗೆ ತೋರಿಕೊಳ್ಳುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಬೆಳಗ್ಗೆ ಎದ್ದ ಮಗುವಿನ ಕಣ್ಣಿನ ಸುತ್ತ ಬಾತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಇಳಿಯುವುದರಿಂದ ನಿದ್ದೆ ಹೆಚ್ಚಾಯಿತೆಂದೋ, ಹುಳ ಕಚ್ಚಿತೆಂದೋ, ದೃಷ್ಟಿಯಾಯಿತೆಂದೋ ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಒಂದು ವಾರ ಕಳೆಯುವಷ್ಟರಲ್ಲಿ ಚಡ್ಡಿಯ ಲಾಡಿ ಸೊಂಟವನ್ನು ಒತ್ತುತ್ತದೆ, ಚಪ್ಪಲಿಯೊಳಗೆ ಪಾದ ಹಿಡಿಸುವುದಿಲ್ಲ. ಮೂತ್ರದಲ್ಲಿ ನೊರೆ ಕಾಣುತ್ತದೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ: ಊತ ಕಣ್ಣಿಗೆ ಕಾಣುವುದು ಸೋರಿಕೆ ಪ್ರಾರಂಭವಾಗಿ ಹಲವು ದಿನಗಳು ಕಳೆದ ಮೇಲೆ. ಸೋರಿಕೆಯನ್ನು ಅದು ಆರಂಭವಾದಾಗಲೇ ಹಿಡಿಯಬಲ್ಲದ್ದು ಮೂತ್ರಪರೀಕ್ಷೆಯೊಂದೇ.

ಹಿಂದೆ ಈ ಮಕ್ಕಳ ಗತಿ ಕರುಣಾಜನಕವಾಗಿತ್ತು. ನೀರು ತುಂಬಿದ ಹೊಟ್ಟೆಯಲ್ಲಿ ಸೋಂಕು ಹತ್ತಿ ಅನೇಕರು ಸಾಯುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಪಾಲು ಮಕ್ಕಳ ಗ್ಲಾಮೆರುಲಸ್ ಸರಿಯಾಗಿಯೇ ಕಾಣುತ್ತಿದ್ದುದರಿಂದ ರೋಗದ ಮೂಲವೂ ತಿಳಿಯದಾಗಿತ್ತು. ೧೯೫೭ರಲ್ಲಿ ಫರ್ಕರ್, ವರ್ನಿಯರ್ ಮತ್ತು ಗುಡ್ ಎಂಬವರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳ ಕಾಲುಗಳು ಅಳಿಸಿಹೋದಂತಿರುವುದನ್ನು ವರ್ಣಿಸಿದರು. ಸಾಧಾರಣ ಸೂಕ್ಷ್ಮದರ್ಶಕಕ್ಕೆ ಏನೂ ಕಾಣದ ಈ ಬಗೆಗೆ 'ಕನಿಷ್ಠ ಬದಲಾವಣೆಯ ರೋಗ' ಎಂಬ ಹೆಸರು ನಿಂತಿತು. ರೋಗಿಯ ಮೈ ಕುಂಬಳಕಾಯಿಯಂತೆ ಬಾತಿದ್ದರೂ ಬದಲಾವಣೆ ಮಾತ್ರ ಕನಿಷ್ಠ! ಮತ್ತೊಂದು ವಿಚಿತ್ರವೂ ಉಂಟು. ದಡಾರ ಬಂದ ಕೆಲವು ಮಕ್ಕಳಲ್ಲಿ ಈ ಊತ ತಾನಾಗಿ ಇಳಿಯುತ್ತಿದ್ದುದನ್ನು ವೈದ್ಯರು ಕಂಡಿದ್ದರು. ದಡಾರವು ದೇಹದ ರಕ್ಷಣಾವ್ಯವಸ್ಥೆಯನ್ನು ಕೆಲಕಾಲ ಕುಗ್ಗಿಸುತ್ತದೆ. ಹಾಗಾದರೆ ರೋಗಕ್ಕೂ ಆ ವ್ಯವಸ್ಥೆಗೂ ನಂಟಿರಬೇಕಷ್ಟೆ? ೧೯೫೦ರ ದಶಕದಲ್ಲಿ ಬಳಕೆಗೆ ಬಂದ ಸ್ಟೀರಾಯ್ಡ್ ಔಷಧಗಳೂ ಅದೇ ವ್ಯವಸ್ಥೆಯನ್ನು ಹತೋಟಿಗೆ ತರುವಂಥವು. ಅವುಗಳಿಂದಲೇ ಈ ಮಕ್ಕಳ ಹಣೆಬರಹ ಬದಲಾಯಿತು.

ಇಂದು ಕೊಡುವ ಮಾತ್ರೆ ಪ್ರೆಡ್ನಿಸೊಲೋನ್. ಮೊದಲ ಸಲ ರೋಗ ಬಂದಾಗ ನಮ್ಮ ದೇಶದ ಮಕ್ಕಳ ವೈದ್ಯರು ಸಾಮಾನ್ಯವಾಗಿ ಆರು ವಾರ ಪ್ರತಿದಿನವೂ, ಮತ್ತೆ ಆರು ವಾರ ದಿನ ಬಿಟ್ಟು ದಿನವೂ ಇದನ್ನು ಕೊಡುತ್ತಾರೆ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಕೆಲವು ವಾರಗಳೊಳಗೆ ಮೂತ್ರ ಶುದ್ಧವಾಗುತ್ತದೆ, ಊತ ಇಳಿಯುತ್ತದೆ, ಮಗು ಓಡಾಡುತ್ತದೆ. "ಡಾಕ್ಟರೇ, ಮಗು ಗುಣವಾಯಿತಲ್ಲ, ಇನ್ನು ಮಾತ್ರೆ ಏತಕ್ಕೆ?" ಎಂದು ತಾಯಿ ಕೇಳುತ್ತಾಳೆ. ಆ ಪ್ರಶ್ನೆ ಸಹಜವಾದುದೇ. ಆದರೆ ಔಷಧಕ್ಕೆ ಮಣಿದ ಮಕ್ಕಳಲ್ಲಿಯೂ ಮುಕ್ಕಾಲು ಪಾಲಿನವರಿಗೆ ರೋಗ ಒಮ್ಮೆಯಾದರೂ ಮರುಕಳಿಸುತ್ತದೆ. ಸುಮಾರು ಅರ್ಧದಷ್ಟು ಮಂದಿಗೆ ಮತ್ತೆ ಮತ್ತೆ. ಒಂದು ನೆಗಡಿ ಸಾಕು, ಜರಡಿ ಮತ್ತೆ ಸೋರುವುದಕ್ಕೆ.

ಬೆಳಗಿನ ಪರೀಕ್ಷೆಯ ಬೆಲೆ ಇಲ್ಲಿ ತಿಳಿಯುತ್ತದೆ. ಪ್ರನಾಳದಲ್ಲಿನ ಮೂತ್ರದ ಮೇಲ್ಭಾಗವನ್ನು ಕಾಯಿಸಿದಾಗ ಅದು ಕದಡಿದರೆ ಒಂದೆರಡು ಹನಿ ದುರ್ಬಲ ಅಸೆಟಿಕ್ ಆಮ್ಲವನ್ನು ಹಾಕಬೇಕು. ಕದಡು ಕರಗಿದರೆ ಅದು ಬರಿಯ ಫಾಸ್ಫೇಟು, ಉಳಿದರೆ ಪ್ರೋಟೀನು. ಪಟ್ಟಿಯಾದರೆ ಹಳದಿಯಿಂದ ಹಸಿರಿಗೆ ತಿರುಗುತ್ತದೆ. ಹಸಿರು ಗಾಢವಾದಷ್ಟೂ ಪ್ರೋಟೀನು ಹೆಚ್ಚು. ಫಲಿತಾಂಶವನ್ನು ಸೊನ್ನೆ, ಲೇಶ, ಒಂದು, ಎರಡು, ಮೂರು, ನಾಲ್ಕು ಎಂದು ಗುರುತಿಸುತ್ತಾರೆ. ಬೆಳಗಿನ ಮೂತ್ರವೇ ಏಕೆ? ಕೆಲವು ಆರೋಗ್ಯವಂತ ಮಕ್ಕಳಲ್ಲಿಯೂ ಎದ್ದು ಓಡಾಡುವಾಗ ಸ್ವಲ್ಪ ಪ್ರೋಟೀನು ಹೊರಬರುವುದುಂಟು; ಮಲಗೆದ್ದ ಕೂಡಲೆ ಹಿಡಿದ ಮೂತ್ರದಲ್ಲಿ ಆ ಗೊಂದಲವಿರದು. ಜ್ವರ ಬಂದ ದಿನವೂ ಪ್ರೋಟೀನು ಕಾಣಿಸಬಹುದು. ಆದಕಾರಣ ಒಂದು ದಿನದ ಬಣ್ಣವನ್ನು ಕಂಡು ಹೆದರಬೇಕಾದುದಿಲ್ಲ. ಮೂರು ದಿನ ಸತತವಾಗಿ ಮೂರು ಅಥವಾ ನಾಲ್ಕರ ಮಟ್ಟ ಕಂಡುಬಂದರೆ ಮಾತ್ರ ಅದು ಮರುಕಳಿಕೆ. ಆ ಹೊತ್ತಿಗೆ ಸಾಮಾನ್ಯವಾಗಿ ಊತ ಬಂದಿರುವುದಿಲ್ಲ. ಆಗಲೇ ವೈದ್ಯರಿಗೆ ತಿಳಿಸಿ ಔಷಧ ಪ್ರಾರಂಭಿಸಿದರೆ ಎಷ್ಟೋ ಸಲ ಆಸ್ಪತ್ರೆಯಲ್ಲಿ ಮಲಗುವ ಪ್ರಸಂಗವೇ ತಪ್ಪುತ್ತದೆ.

ನೋಟುಪುಸ್ತಕದಲ್ಲಿ ತಾರೀಖು, ಪ್ರೋಟೀನಿನ ಮಟ್ಟ, ತೂಕ, ಕೊಟ್ಟ ಮಾತ್ರೆ, ಜ್ವರ ಕೆಮ್ಮು ಮುಂತಾದುವು ಇದ್ದರೆ ಸಾಕು. ವೈದ್ಯರು ಮಗುವನ್ನು ನೋಡುವುದು ತಿಂಗಳಿಗೊಮ್ಮೆ ಹತ್ತು ನಿಮಿಷ. ಮಿಕ್ಕ ದಿನಗಳ ಸಾಕ್ಷಿ ಈ ಪುಸ್ತಕವೇ. ವರ್ಷಕ್ಕೆ ಎಷ್ಟು ಸಲ ಮರುಕಳಿಸಿತು, ಮಾತ್ರೆಯನ್ನು ಎಷ್ಟಕ್ಕೆ ಇಳಿಸಿದಾಗ ಮರುಕಳಿಸಿತು ಎಂಬುದರ ಮೇಲೆಯೇ ಮುಂದಿನ ಔಷಧದ ಆಯ್ಕೆ ನಿಂತಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಇಂಥ ಒಂದು ಪುಸ್ತಕ ಪ್ರಯೋಗಶಾಲೆಯ ಯಾವ ದಾಖಲೆಗೂ ಕಡಮೆಯಾದುದಲ್ಲ.

ಸ್ಟೀರಾಯ್ಡಿನಿಂದ ಉಪಕಾರವೂ ಉಂಟು, ಉಪದ್ರವವೂ ಉಂಟು. ಮಗುವಿಗೆ ಹಸಿವು ಮಿತಿಮೀರುತ್ತದೆ. ನಡುರಾತ್ರಿಯಲ್ಲಿ ಎದ್ದು ಅನ್ನ ಕೇಳುತ್ತದೆ. ಮುಖ ಚಂದ್ರನಂತೆ ಗುಂಡಗಾಗುತ್ತದೆ. ಸಿಟ್ಟು, ಅಳು, ಹಟ ಹೆಚ್ಚುತ್ತವೆ. ಇದನ್ನು ಮಗುವಿನ ದುರ್ಗುಣವೆಂದು ಎಣಿಸಿ ಹೊಡೆಯುವ ತಂದೆತಾಯಿಗಳಿದ್ದಾರೆ. ಅದು ಔಷಧದ ಗುಣವೆಂದು ತಿಳಿದರೆ ಅರ್ಧ ಸಂಕಟ ಕಳೆಯುತ್ತದೆ. ಬಹುಕಾಲ ಸೇವಿಸಿದರೆ ಬೆಳವಣಿಗೆ ಕುಂಠಿತವಾಗಬಹುದು, ರಕ್ತದೊತ್ತಡ ಏರಬಹುದು, ಕಣ್ಣಿನಲ್ಲಿ ಪೊರೆ ಬರಬಹುದು. ಆದುದರಿಂದ ವೈದ್ಯರು ಎತ್ತರವನ್ನೂ ರಕ್ತದೊತ್ತಡವನ್ನೂ ಕಣ್ಣನ್ನೂ ಆಗಾಗ್ಗೆ ಪರೀಕ್ಷಿಸುತ್ತಾರೆ.

"ಎಳೆಯ ಮಗುವಿಗೆ ಇಷ್ಟು ಮಾತ್ರೆ ನುಂಗಿಸಬೇಡವಮ್ಮ" ಎಂದು ಅಜ್ಜಿ ಮರುಗುತ್ತಾರೆ. ಕನಿಕರದಿಂದ ಒಂದು ದಿನ ಮಾತ್ರೆ ನಿಂತೇಹೋಗುತ್ತದೆ. ಇದಕ್ಕಿಂತ ಅಪಾಯ ಬೇರೊಂದಿಲ್ಲ. ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯು ಸಹಜವಾಗಿ ಈ ಬಗೆಯ ವಸ್ತುವನ್ನೇ ತಯಾರಿಸುತ್ತದೆ. ಹೊರಗಿನಿಂದ ವಾರಗಟ್ಟಲೆ ಸರಬರಾಜಾದರೆ ಗ್ರಂಥಿ ತನ್ನ ಕೆಲಸವನ್ನು ನಿಲ್ಲಿಸಿ ನಿದ್ರಿಸುತ್ತದೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ ಎಂಬಂತಾಗಿ, ಮಗು ವಾಂತಿ ಮಾಡಿಕೊಂಡು ಕುಸಿದುಬೀಳಬಹುದು. ಮಾತ್ರೆಯನ್ನು ಮೆಲ್ಲಮೆಲ್ಲನೆ ಇಳಿಸುವುದು ಆ ಗ್ರಂಥಿಯನ್ನು ಎಬ್ಬಿಸುವುದಕ್ಕಾಗಿಯೂ ಹೌದು. ಬೆಳಗ್ಗೆ ತಿಂಡಿಯಾದ ಮೇಲೆ ಕೊಡುವುದರಲ್ಲಿಯೂ ಅರ್ಥವಿದೆ: ಅಡ್ರಿನಲ್ ಗ್ರಂಥಿಯ ಸಹಜ ಉತ್ಪತ್ತಿ ಬೆಳಗ್ಗೆಯೇ ಅಧಿಕ. ಮಾತ್ರೆ ಕಹಿ, ಸ್ವಲ್ಪ ಬೆಲ್ಲದೊಡನೆ ಕೊಡುವ ಉಪಾಯ ತಾಯಂದಿರಿಗೆ ಗೊತ್ತಿದೆ.

ಊಟದ ವಿಷಯದಲ್ಲಿ ತಪ್ಪು ತಿಳಿವಳಿಕೆಗಳು ಬಹಳ. ಊತವಿರುವಾಗ ಉಪ್ಪು ಕಡಮೆಯಿರಬೇಕು. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಕುರುಕಲು ತಿಂಡಿಗಳನ್ನು ದೂರವಿಡಬೇಕು. ಊತವಿಲ್ಲದಾಗ ಮನೆಮಂದಿಯ ಊಟವೇ ಮಗುವಿಗೂ ಸಾಕು. ಮೂತ್ರಪಿಂಡದ ಕಾಯಿಲೆಯೆಂದು ಬೇಳೆ, ಹಾಲು, ಮೊಟ್ಟೆಗಳನ್ನು ಬಿಡಿಸುವುದು ಇಲ್ಲಿ ತಪ್ಪು. ಸೋರಿದ್ದನ್ನು ತುಂಬುವೆವೆಂದು ಅವನ್ನೇ ತುರುಕುವುದೂ ವ್ಯರ್ಥ.

ಚುಚ್ಚುಮದ್ದುಗಳನ್ನು ಬಿಡಬಾರದು, ಮುಖ್ಯವಾಗಿ ನ್ಯುಮೊಕಾಕಸ್ ರೋಗಾಣುವಿನ ಎದುರಿನದನ್ನು ಹಾಕಿಸಬೇಕು. ಆದರೆ ಜೀವಂತ ರೋಗಾಣುಗಳಿರುವ ಚುಚ್ಚುಮದ್ದುಗಳನ್ನು ಸ್ಟೀರಾಯ್ಡ್ ಹೆಚ್ಚಾಗಿರುವಾಗ ಮುಂದೂಡುತ್ತಾರೆ. ಶಾಲೆಯಲ್ಲಿ ಪಕ್ಕದ ಹುಡುಗನಿಗೆ ಸೀತಾಳೆಸಿಡುಬು ಬಂದರೆ ವೈದ್ಯರಿಗೆ ಅಂದೇ ಹೇಳಬೇಕು. ಜ್ವರದೊಡನೆ ಹೊಟ್ಟೆನೋವು, ಒಂದು ಕಾಲು ಮಾತ್ರ ನೋವಿನಿಂದ ಊದಿಕೊಳ್ಳುವುದು, ಉಸಿರಾಟದ ತೊಂದರೆ, ಮೂತ್ರ ತೀರ ಕಡಮೆಯಾಗುವುದು, ಇವು ಬೆಳಗಾಗಲೆಂದು ಕಾಯತಕ್ಕ ಲಕ್ಷಣಗಳಲ್ಲ.

ಇಷ್ಟೆಲ್ಲ ಜಾಗರೂಕತೆಯಿಂದ ನಡೆದರೂ ಒಂದು ಬೆಳಗ್ಗೆ ಪಟ್ಟಿ ಹಸಿರಾಗುತ್ತದೆ. "ನಾನೇ ಏನೋ ತಪ್ಪು ಮಾಡಿದೆ, ಮೊನ್ನೆ ಐಸ್‌ಕ್ರೀಮ್ ಕೊಟ್ಟೆ" ಎಂದು ತಾಯಿ ಕೊರಗುತ್ತಾಳೆ. ಮನೆಯ ಹಿರಿಯರಲ್ಲಿ ಯಾರಾದರೊಬ್ಬರು ಆ ಮಾತಿಗೆ ಇಂಬುಕೊಟ್ಟರಂತೂ ಮುಗಿಯಿತು. ಮರುಕಳಿಸುವುದು ಈ ರೋಗದ ಸ್ವಭಾವ, ತಾಯಿಯ ತಪ್ಪಲ್ಲ. ಮಗುವನ್ನು ಶಾಲೆ ಬಿಡಿಸಿ, ಮಳೆ ಗಾಳಿ ಸೋಕದಂತೆ ಕೂಡಿಹಾಕಬೇಕಾಗಿಯೂ ಇಲ್ಲ. ಗುಂಡುಮುಖವನ್ನು ಸಹಪಾಠಿಗಳು ಹಾಸ್ಯಮಾಡುವುದುಂಟು. ಉಪಾಧ್ಯಾಯರಿಗೆ ಮುಂಚೆಯೇ ತಿಳಿಸಿದ್ದರೆ ಆ ಹಿಂಸೆ ತಗ್ಗುತ್ತದೆ. ಎಲ್ಲರ ದೃಷ್ಟಿಯೂ ಕಾಯಿಲೆಯ ಮಗುವಿನ ಮೇಲಿರುವಾಗ ಅದರ ಅಕ್ಕನೋ ಅಣ್ಣನೋ ಮೂಲೆಯಲ್ಲಿ ಸುಮ್ಮನೆ ಕುಳಿತಿರುವುದನ್ನು ಯಾರೂ ಗಮನಿಸುವುದಿಲ್ಲ. ಈ ಲೇಖನವನ್ನು ಓದುತ್ತಿರುವವರು ಆ ಅಕ್ಕನೇ ಆಗಿದ್ದರೆ, ನೋಟುಪುಸ್ತಕವನ್ನು ಬರೆಯುವ ಕೆಲಸವನ್ನು ಕೇಳಿ ಪಡೆಯಬಹುದು.

ಕೆಲವು ಮಕ್ಕಳಲ್ಲಿ ರೋಗ ಸ್ಟೀರಾಯ್ಡಿಗೆ ಮಣಿಯುವುದಿಲ್ಲ. ಆಗ ಸೂಜಿಯಿಂದ ಮೂತ್ರಪಿಂಡದ ಚೂರನ್ನು ತೆಗೆದು ನೋಡಬೇಕಾಗುತ್ತದೆ. ಅಂಥವರಲ್ಲಿ ಕೆಲವರ ಮೂತ್ರಪಿಂಡಗಳು ಕ್ರಮೇಣ ಸೋಲಲೂಬಹುದು. ಮೇಲಿಂದ ಮೇಲೆ ಮರುಕಳಿಸುವವರಿಗೆ ಬೇರೆ ಔಷಧಗಳಿವೆ. ಅವುಗಳಲ್ಲೊಂದಾದ ಲೆವಮಿಸೋಲ್ ಮೊದಲು ಜಂತುಹುಳುವಿನ ಔಷಧವಾಗಿ ಬಂದದ್ದು. ರೋಗದ ಕಾರಣವೂ ಈಗೀಗ ಬೆಳಕಿಗೆ ಬರುತ್ತಿದೆ. ಕಾಲುಗಳ ನಡುವಣ ತೆರೆಯನ್ನು ಕಟ್ಟುವ ನೆಫ್ರಿನ್ ಎಂಬ ಪ್ರೋಟೀನಿನ ಜೀನನ್ನು ೧೯೯೮ರಲ್ಲಿ ಫಿನ್ಲೆಂಡಿನ ಶಿಶುಗಳ ರೋಗವೊಂದನ್ನು ಅಭ್ಯಸಿಸುತ್ತ ಕಂಡುಹಿಡಿದರು. ನಮ್ಮ ಈ ಮಕ್ಕಳಲ್ಲಿ ಅನೇಕರ ರಕ್ತದಲ್ಲಿ, ರೋಗ ಕೆರಳಿದಾಗ, ಆ ನೆಫ್ರಿನ್ನಿನ ಮೇಲೆಯೇ ಎರಗುವ ಪ್ರತಿಕಾಯಗಳಿರುವುದು ೨೦೨೨ ಮತ್ತು ೨೦೨೪ರಲ್ಲಿ ಪ್ರಕಟವಾದ ಸಂಶೋಧನೆಗಳಿಂದ ತಿಳಿದಿದೆ. ದಡಾರದ ಒಗಟಿಗೆ ಇಲ್ಲಿ ಒಂದಿಷ್ಟು ಉತ್ತರ ಸಿಕ್ಕಂತಾಯಿತು.

ಔಷಧಕ್ಕೆ ಮಣಿಯುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ವಯಸ್ಸಾದಂತೆ ಮರುಕಳಿಕೆಗಳು ವಿರಳವಾಗಿ, ಹದಿಹರೆಯ ಮುಗಿಯುವ ಹೊತ್ತಿಗೆ ನಿಂತುಹೋಗುತ್ತವೆ. ಮೂತ್ರಪಿಂಡಗಳೂ ಚೆನ್ನಾಗಿ ಉಳಿಯುತ್ತವೆ. ಅದುವರೆಗೆ ನೋಟುಪುಸ್ತಕ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಮೊದಲ ಪುಟಗಳಲ್ಲಿ ತಾಯಿಯ ಅಕ್ಷರ, ನಡುವೆ ತಂದೆಯದು. ಹತ್ತು ಹನ್ನೆರಡು ವರ್ಷದ ಹುಡುಗನಾದ ಮೇಲೆ ಪಟ್ಟಿಯನ್ನು ತಾನೇ ಅದ್ದಿ, ಬಣ್ಣವನ್ನು ಡಬ್ಬಿಯ ಮೇಲಿನ ಪಟಕ್ಕೆ ಹಿಡಿದು ನೋಡಿ, 'ಲೇಶ' ಎಂದು ಬರೆದು ಶಾಲೆಗೆ ಹೊರಡುತ್ತಾನೆ.